ಟಿವಿಯಲ್ಲಿ ಕಾಣುತ್ತೆ, ಫೋನಲ್ಲಿ ಕಾಣಲ್ಲ

ಅಮ್ಮ ಇರುವ ಮನೆಯಲ್ಲಿ ಹಳೇ ಇಂಟರ್ನೆಟ್ ತೆಗೆಸಿ ಬೇರೆ ಕಂಪನಿಯ ಫೈಬರ್ ಹಾಕಿಸಿದೆವು. ಅವತ್ತಿನಿಂದ ನನ್ನ ಫೋನಿಗೆ ಕ್ಯಾಮೆರಾ ಬರುವುದು ನಿಂತುಹೋಯಿತು. ಆ್ಯಪ್ ತೆರೆದರೆ ನಾಲ್ಕು ಕಪ್ಪು ಚೌಕ, ನಾಲ್ಕರ ಮೇಲೂ ‘ಡಿವೈಸ್ ಆಫ್‌ಲೈನ್’. ಅಮ್ಮ ಒಬ್ಬಳೇ ಇರುವ ಮನೆ ಅದು, ನಾನಿರುವುದು ದೂರದಲ್ಲಿ. ಮಲಗುವ ಮುಂಚೆ ಗೇಟು ಹಾಕಿದೆಯಾ, ಹಿಂದಿನ ಬಾಗಿಲ ಹತ್ತಿರ ಲೈಟ್ ಉರೀತಿದೆಯಾ ಅಂತ ಒಂದು ಸಲ ನೋಡಿಬಿಟ್ಟರೆ ಸಮಾಧಾನ. ಅದು ಇಲ್ಲದೇ ಹೋದಾಗ ನಿದ್ದೆಯೇ ಸರಿಯಾಗಿ ಬರುತ್ತಿರಲಿಲ್ಲ.

ಫೋನ್ ಮಾಡಿ ಕೇಳಿದರೆ ಅಮ್ಮ, “ಕ್ಯಾಮೆರಾಗೆ ಏನೂ ಆಗಿಲ್ಲ ಕಣೋ, ಟಿವಿ ಹಾಕಿದ್ರೆ ನಾಲ್ಕೂ ಕಾಣ್ತಿದೆ” ಅಂದಳು.

ಇಡೀ ಪ್ರಕರಣದಲ್ಲಿ ನನಗೆ ಸಿಕ್ಕ ಅತಿ ಉಪಯೋಗದ ಮಾತು ಅದೇ. ನಮ್ಮ ಮನೆಯಲ್ಲಿ ಕ್ಯಾಮೆರಾಗಳ ವೈರು ನೇರವಾಗಿ ಎನ್‌ವಿಆರ್, ಅಂದರೆ ರೆಕಾರ್ಡ್ ಮಾಡುವ ಪೆಟ್ಟಿಗೆಯ ಹಿಂಬದಿಗೆ ಬಂದು ಸೇರುತ್ತದೆ, ಕರೆಂಟೂ ಅದೇ ವೈರಿನಲ್ಲಿ ಹೋಗುತ್ತದೆ. ಟಿವಿಗೆ ಎಚ್‌ಡಿಎಂಐ ಕೇಬಲ್ ಹೋಗುವುದೂ ಆ ಪೆಟ್ಟಿಗೆಯಿಂದಲೇ. ಅಲ್ಲಿಯವರೆಗೆ ಇಂಟರ್ನೆಟ್ಟಿನ ಕೆಲಸವೇ ಇಲ್ಲ. ಇಂಟರ್ನೆಟ್ ಪೂರ್ತಿ ಸತ್ತರೂ ಒಳಗಿನ ಹಾರ್ಡ್ ಡಿಸ್ಕಿಗೆ ರೆಕಾರ್ಡಿಂಗ್ ಆಗುತ್ತಲೇ ಇರುತ್ತದೆ. ಆಫ್‌ಲೈನ್ ಅಂತ ಕಂಡ ಕೂಡಲೇ ‘ಅಯ್ಯೋ, ಕ್ಯಾಮೆರಾ ಕೆಟ್ಟಿದೆ, ಏನೂ ರೆಕಾರ್ಡ್ ಆಗ್ತಿಲ್ಲ’ ಅಂತ ಗಾಬರಿ ಬೀಳುವವರೇ ಜಾಸ್ತಿ. ದೂರದಿಂದ ನೋಡುವುದು ಬೇರೆ, ರೆಕಾರ್ಡ್ ಆಗುವುದು ಬೇರೆ. ಕೆಟ್ಟಿದ್ದು ಪೆಟ್ಟಿಗೆಯಿಂದ ಆಚೆಗಿನ ದಾರಿ ಮಾತ್ರ ಅಂತ ಅಮ್ಮನ ಒಂದು ಮಾತಿನಿಂದಲೇ ಗೊತ್ತಾಯಿತು.

ಆದರೆ ಆ ದಾರಿ ಯಾರದ್ದು ಅನ್ನುವುದೇ ಜಗಳ. ಕ್ಯಾಮೆರಾ ಹಾಕಿದವರಿಗೆ ಫೋನ್ ಮಾಡಿದರೆ “ಸರ್, ಇಂಟರ್ನೆಟ್‌ನವರು ಪೋರ್ಟ್ ಓಪನ್ ಮಾಡ್ಬೇಕು, ನಮ್ ಕಡೆಯಿಂದ ಏನೂ ಇಲ್ಲ” ಅನ್ನುತ್ತಾರೆ. ಇಂಟರ್ನೆಟ್‌ನವರು “ನಿಮ್ ಫೋನಲ್ಲಿ ವಿಡಿಯೊ ಓಡ್ತಿದೆ ತಾನೆ? ಹಾಗಾದ್ರೆ ನಮ್ ಲೈನ್ ಸರಿ ಇದೆ, ಕ್ಯಾಮೆರಾದವರನ್ನ ಕೇಳಿ” ಅನ್ನುತ್ತಾರೆ. ಇಬ್ಬರದ್ದೂ ಸುಳ್ಳಲ್ಲ, ಇಬ್ಬರೂ ತಮ್ಮ ತಮ್ಮ ಅರ್ಧ ಮಾತ್ರ ನೋಡುತ್ತಾರೆ ಅಷ್ಟೇ. ನಡುವೆ ಮನೆಯಲ್ಲಿರುವ ವಯಸ್ಸಾದವರು ಒಂದು ಫೋನ್ ಇಟ್ಟು ಇನ್ನೊಂದು ಫೋನ್ ಮಾಡುತ್ತಾ ಕೂರಬೇಕು. ಇದು ನನಗೆ ನಿಜವಾಗಲೂ ಸಿಟ್ಟು ತರಿಸಿತು. ಅವರಲ್ಲಿ ಒಬ್ಬರು ಅಮ್ಮನಿಗೆ ಪೆಟ್ಟಿಗೆಯನ್ನು ಫ್ಯಾಕ್ಟರಿ ರೀಸೆಟ್ ಮಾಡಿ ಅಂತಲೂ ಹೇಳಿದ್ದರು. ಬೇಡವೇ ಬೇಡ, ಮುಟ್ಟಬೇಡ ಅಂದೆ. ರೀಸೆಟ್ ಮಾಡಿದರೆ ಪಾಸ್‌ವರ್ಡ್, ರೆಕಾರ್ಡಿಂಗ್ ವೇಳೆ, ಯಾವ ಜಾಗದಲ್ಲಿ ಅಲುಗಾಟ ಕಂಡರೆ ಅಲಾರಂ ಬರಬೇಕು ಅನ್ನುವ ಗುರುತು ಎಲ್ಲಾ ಹೋಗುತ್ತದೆ. ತಪ್ಪು ಎಲ್ಲಿದೆ ಅಂತ ಹೇಳುತ್ತಿದ್ದ ಸುಳಿವೂ ಅದರ ಜೊತೆ ಅಳಿಸಿಹೋಗುತ್ತದೆ.

ರಜೆ ನೋಡಿಕೊಂಡು ಹೊರಟೆ. ಮನೆಗೆ ಹೋದವನು ಮೊದಲು ಮಾಡಿದ್ದು ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ, ಮನೆಯ ವೈಫೈ ಹಿಡಿದು, ಆ್ಯಪ್‌ನಲ್ಲಿ ಪೆಟ್ಟಿಗೆಯ ಮನೆಯೊಳಗಿನ ವಿಳಾಸ 192.168.1.50 ಅನ್ನು ನೇರವಾಗಿ ಕೊಟ್ಟು ನೋಡಿದ್ದು. ಬರಲಿಲ್ಲ. ಒಂದೇ ಛಾವಣಿಯ ಕೆಳಗಿರುವ ಫೋನಿಗೂ ಪೆಟ್ಟಿಗೆಗೂ ಮಾತುಕತೆ ಇಲ್ಲ ಅಂದರೆ ಮೊದಲ ತೊಂದರೆ ಮನೆಯೊಳಗೇ ಇದೆ. ಇಂಟರ್ನೆಟ್ ಕಂಪನಿಯನ್ನು ಬೈಯುವ ಹೊತ್ತು ಇನ್ನೂ ಬಂದಿರಲಿಲ್ಲ.

ಫೋನಿನ ವೈಫೈ ವಿವರ ತೆಗೆದು ನೋಡಿದೆ. ಫೋನಿಗೆ ಸಿಕ್ಕಿದ್ದ ವಿಳಾಸ 192.168.0.104, ರೂಟರ್ 192.168.0.1. ಮೂರನೇ ಅಂಕಿ ಸೊನ್ನೆ! ಹಳೇ ರೂಟರಿನಲ್ಲಿ ಅದು 1 ಆಗಿತ್ತು. ಮನೆಯ ನೆಟ್‌ವರ್ಕಿನಲ್ಲಿ ಸಾಮಾನ್ಯವಾಗಿ ಮೊದಲ ಮೂರು ಅಂಕಿ ಒಂದೇ ಇದ್ದರೆ ಮಾತ್ರ ಸಾಧನಗಳು ನೇರವಾಗಿ ಮಾತಾಡಿಕೊಳ್ಳುತ್ತವೆ. ಟಿವಿ ಮುಂದೆ ಕೂತು ಪೆಟ್ಟಿಗೆಯ ಮೌಸ್ ಹಿಡಿದು ನೆಟ್‌ವರ್ಕ್ ಪುಟಕ್ಕೆ ಹೋದೆ. ಐಪಿ 192.168.1.50, ಗೇಟ್‌ವೇ (ಹೊರಗೆ ಹೋಗುವ ದಾರಿ, ಅಂದರೆ ರೂಟರ್) 192.168.1.1, ಎಲ್ಲವನ್ನೂ ಕೈಯಾರೆ ಬರೆದು ಗಟ್ಟಿ ಮಾಡಿಟ್ಟಿದ್ದಾರೆ. ಅಂದರೆ ಪೆಟ್ಟಿಗೆ ಇನ್ನೂ ಗೋಡೆಯಿಂದ ಕಳಚಿ ತೆಗೆದುಕೊಂಡು ಹೋದ ಹಳೇ ರೂಟರನ್ನೇ ಹುಡುಕುತ್ತಿತ್ತು. ಕೇಬಲ್ ಹೊಸ ರೂಟರಿಗೆ ಚುಚ್ಚಿದೆ, ಹಸಿರು ದೀಪವೂ ಮಿಣುಕುತ್ತಿದೆ, ಅದನ್ನು ನೋಡಿದ ಯಾರಿಗಾದರೂ ಕನೆಕ್ಷನ್ ಸರಿ ಇದೆ ಅಂತಲೇ ಅನಿಸುತ್ತದೆ. ವೈರು ಸೇರಿದೆ ಅಂತ ಮಾತ್ರ ಆ ದೀಪ ಹೇಳುತ್ತದೆ, ವಿಳಾಸ ಹೊಂದಿದೆಯಾ ಅಂತ ಹೇಳುವುದಿಲ್ಲ.

ಡಿಎಚ್‌ಸಿಪಿ ಅನ್ನುವ ಕಡೆ ಟಿಕ್ ಹಾಕಿದೆ. ರೂಟರೇ ಹೊಸ ವಿಳಾಸ ಕೊಟ್ಟಿತು. ಅದು ಮತ್ತೆ ಬದಲಾಗಬಾರದು ಅಂತ ರೂಟರಿನ ಕಡೆಯಿಂದ ಪೆಟ್ಟಿಗೆಯ ಮ್ಯಾಕ್ ಅಡ್ರೆಸ್ಸಿಗೆ (ತಯಾರಿಸುವಾಗಲೇ ಸಾಧನಕ್ಕೆ ಕೊಟ್ಟ ಗುರುತಿನ ಸಂಖ್ಯೆ) ಅದೇ ವಿಳಾಸ ಕಾಯ್ದಿರಿಸಿದೆ. ಪೆಟ್ಟಿಗೆಯಲ್ಲಿ ಅಂಕಿ ಬರೆದು ಗಟ್ಟಿ ಮಾಡುವುದಕ್ಕಿಂತ ಇದು ಎಷ್ಟೋ ವಾಸಿ. ನಾಳೆ ರೂಟರ್ ಬದಲಾದರೂ ಪೆಟ್ಟಿಗೆ ಕೊನೇಪಕ್ಷ ಹೊಸದರ ಜೊತೆ ಮಾತಾಡುತ್ತದೆ. ಹೊಸ ವಿಳಾಸ ಕೊಟ್ಟ ತಕ್ಷಣ ವೈಫೈನಲ್ಲಿ ನಾಲ್ಕೂ ಚಿತ್ರ ಬಂದವು. ಅಮ್ಮ ಪಕ್ಕದಲ್ಲೇ ಇಣುಕಿ ನೋಡುತ್ತಿದ್ದಳು. “ಬಂತಲ್ಲ, ಮುಗೀತಾ?” ಅಂದಳು.

ಮುಗಿದಿರಲಿಲ್ಲ. ವೈಫೈ ಆಫ್ ಮಾಡಿ ಮೊಬೈಲ್ ಡೇಟಾಗೆ ಬಂದೆ, ಮತ್ತೆ ಕಪ್ಪು ಚೌಕ. ಇಲ್ಲಿ ಒಂದು ಮಾತು. ಹೊರಗಿನಿಂದ ಬರುತ್ತಿದೆಯಾ ಅಂತ ಪರೀಕ್ಷೆ ಮಾಡುವಾಗ ವೈಫೈ ಆಫ್ ಇರಲೇಬೇಕು. ಮನೆಯೊಳಗಿನಿಂದಲೇ ಮನೆಯ ಹೊರವಿಳಾಸ ಕೊಟ್ಟರೆ ಕೆಲವು ರೂಟರುಗಳು ತಿರುಗಿ ಒಳಗೆ ಬಿಡುವುದಿಲ್ಲ, ಹೊರಗಿನಿಂದ ಚೆನ್ನಾಗೇ ಬರುತ್ತಿದ್ದರೂ ಕೆಟ್ಟಿದೆ ಅಂತ ಅನಿಸಿಬಿಡುತ್ತದೆ.

ಹಳೇ ಏರ್ಪಾಡು ಪೋರ್ಟ್ ಫಾರ್ವರ್ಡಿಂಗ್‌ದು. ಹೊರಗಿನಿಂದ ಒಂದು ನಂಬರಿನ ಬಾಗಿಲಿಗೆ, ಅಂದರೆ ಪೋರ್ಟಿಗೆ, ಬಂದದ್ದನ್ನು ರೂಟರ್ ನೇರ ಪೆಟ್ಟಿಗೆಗೆ ಕಳಿಸುತ್ತದೆ, ಮನೆಯ ಇಂಟರ್ನೆಟ್ ವಿಳಾಸ ಬದಲಾದರೂ ಹುಡುಕಿಕೊಳ್ಳಲಿ ಅಂತ ಒಂದು ಡಿಡಿಎನ್‌ಎಸ್ ಹೆಸರು. ಹೊಸ ರೂಟರಿನಲ್ಲೂ ಹಾಗೇ ಮಾಡಿದರೆ ಆಯಿತಲ್ಲ ಅಂತ ಅನಿಸುವುದು ಸಹಜ. ಆದರೆ ಅದಕ್ಕೂ ಮೊದಲು ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ಅಂತ ಇರುತ್ತದೆ, ಇಂಟರ್ನೆಟ್ ಕಂಪನಿ ರೂಟರಿಗೆ ಕೊಟ್ಟ ವಿಳಾಸ ಅದು, ಅದನ್ನು ನೋಡಬೇಕು. ನಮ್ಮದು 100.72 ಅಂತ ಶುರುವಾಗುತ್ತಿತ್ತು. ಬ್ರೌಸರಿನಲ್ಲಿ ‘ನನ್ನ ಐಪಿ ಯಾವುದು’ ಅಂತ ಕೇಳಿದರೆ ಬಂದ ಅಂಕಿ ಪೂರ್ತಿ ಬೇರೆ. ಎರಡೂ ಒಂದೇ ಇಲ್ಲ ಅಂದರೆ ನಡುವೆ ಇನ್ನೊಂದು ರೂಟರ್ ಕೂತಿದೆ, ಮತ್ತು 100.64ರಿಂದ 100.127ರವರೆಗಿನ ವಿಳಾಸ ಅಂದರೆ ಅದು ಇಂಟರ್ನೆಟ್ ಕಂಪನಿಯೊಳಗೇ ಇದೆ. ಸಿಜಿ-ನ್ಯಾಟ್ ಅನ್ನುವುದು ಇದನ್ನೇ.

ಇದರಲ್ಲಿ ಕಂಪನಿಯವರ ಮೋಸ ಏನಿಲ್ಲ. ಐಪಿವಿ4, ಅಂದರೆ ಹೀಗೆ ನಾಲ್ಕು ಅಂಕಿಗಳಲ್ಲಿ ಬರೆಯುವ ವಿಳಾಸಗಳು ಒಟ್ಟು ಸುಮಾರು 430 ಕೋಟಿ, ಜಗತ್ತಿನ ಕೇಂದ್ರ ಸಂಗ್ರಹದಲ್ಲಿ ಉಳಿದಿದ್ದ ಕೊನೆಯ ಕಂತು 2011ರ ಫೆಬ್ರವರಿಯಲ್ಲೇ ಹಂಚಿ ಮುಗಿಯಿತು. ಇರುವ ಒಂದು ವಿಳಾಸವನ್ನು ಹತ್ತಾರು ಮನೆಗೆ ಹಂಚಿಕೊಡದೆ ಬೇರೆ ದಾರಿಯಿಲ್ಲ, ಅದಕ್ಕಂತಲೇ 2012ರಲ್ಲಿ ಈ 100.64ರ ಸಾಲನ್ನು ಮೀಸಲಿಟ್ಟರು. ನೂರು ಮನೆಯ ಕಟ್ಟಡಕ್ಕೆ ಕಾಗದ ಬಂದಿದೆ, ಮೇಲೆ ಮನೆ ನಂಬರೇ ಇಲ್ಲ ಅಂದರೆ ಯಾವ ಮನೆಗೆ ಕೊಡೋದು? ಅದೇ ಕಥೆ. ನಮ್ಮ ರೂಟರಿನಲ್ಲಿ ಎಷ್ಟು ಪೋರ್ಟ್ ತೆಗೆದಿಟ್ಟರೂ ಹೊರಗಿನಿಂದ ಬಂದವರು ಕಂಪನಿಯ ರೂಟರ್ ದಾಟಿ ಒಳಗೆ ಬರುವುದೇ ಇಲ್ಲ. ನನ್ನ ತಕರಾರು ಇಷ್ಟೇ. ಲೈನ್ ಕೊಡುವಾಗಲೇ ‘ಇದರಲ್ಲಿ ಪೋರ್ಟ್ ಫಾರ್ವರ್ಡಿಂಗ್ ನಡೆಯಲ್ಲ’ ಅಂತ ಒಂದು ಮಾತು ಹೇಳಿದ್ದರೆ ಅಷ್ಟೊಂದು ಫೋನ್ ಕರೆಗಳ ಅಗತ್ಯ ಇರಲಿಲ್ಲ.

ಹೆಚ್ಚಿಗೆ ದುಡ್ಡು ಕೊಟ್ಟರೆ ಸ್ಟ್ಯಾಟಿಕ್ ಐಪಿ, ಅಂದರೆ ನಮಗೊಬ್ಬರಿಗೇ ಮೀಸಲಾದ ಬದಲಾಗದ ವಿಳಾಸ, ಕೊಡುತ್ತೇವೆ ಅಂದರು. ನಾನು ಬೇಡ ಅಂದೆ, ದುಡ್ಡಿನ ಲೆಕ್ಕಕ್ಕಲ್ಲ. ಕ್ಯಾಮೆರಾ ಪೆಟ್ಟಿಗೆಯ ಬಾಗಿಲನ್ನು ಇಡೀ ಇಂಟರ್ನೆಟ್ಟಿಗೆ ತೆರೆದಿಡುವುದೇ ನನಗೆ ಒಪ್ಪಿಗೆಯಿಲ್ಲ. 2016ರಲ್ಲಿ ಮಿರಾಯ್ ಅನ್ನುವ ದುಷ್ಟ ಪ್ರೋಗ್ರಾಂ ಹೀಗೆ ಹೊರಗೆ ತೆರೆದಿದ್ದ ಕ್ಯಾಮೆರಾ, ಡಿವಿಆರ್, ರೂಟರುಗಳನ್ನು ಹುಡುಕಿ, ಕಂಪನಿಯಿಂದ ಬಂದ ಪಾಸ್‌ವರ್ಡನ್ನು ಬದಲಿಸದೇ ಬಿಟ್ಟವುಗಳೊಳಗೆಲ್ಲ ನುಗ್ಗಿತ್ತು. ಅದರ ಹತ್ತಿರ ಇದ್ದದ್ದು 60 ಚಿಲ್ಲರೆ ಯೂಸರ್ ನೇಮ್-ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿ ಅಷ್ಟೇ. ಆ ವರ್ಷದ ಅಕ್ಟೋಬರ್ 21ರಂದು ಅಂಥ ಸಾಧನಗಳನ್ನೆಲ್ಲ ಒಟ್ಟಿಗೆ ನುಗ್ಗಿಸಿ ಒಂದು ದೊಡ್ಡ ಡಿಎನ್‌ಎಸ್ (ವೆಬ್‌ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆ) ಕಂಪನಿಯನ್ನು ಮಲಗಿಸಿದರು, ಎಷ್ಟೋ ಹೆಸರಾಂತ ವೆಬ್‌ಸೈಟುಗಳು ಗಂಟೆಗಟ್ಟಲೆ ತೆರೆಯಲಿಲ್ಲ. ಮನೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಅಂತ ತೋರಿಸುವ ವಸ್ತು ಇದು. ‘ಪೋರ್ಟ್ ಓಪನ್ ಮಾಡಿ’ ಅಂತ ಸುಲಭವಾಗಿ ಹೇಳುವವರು ಇದನ್ನು ಯೋಚಿಸಬೇಕು, ಅಲ್ವಾ?

ಹಾಗಾಗಿ ಪಿ2ಪಿ ಹಿಡಿದೆ. ಇದರಲ್ಲಿ ಹೊರಗಿನವರು ಒಳಗೆ ಬರುವುದಿಲ್ಲ, ಪೆಟ್ಟಿಗೆಯೇ ಒಳಗಿನಿಂದ ಹೋಗಿ ಕ್ಯಾಮೆರಾ ಕಂಪನಿಯ ಸರ್ವರಿಗೆ ‘ನಾನು ಇಲ್ಲಿದ್ದೇನೆ’ ಅಂತ ಹೇಳಿಕೊಂಡಿರುತ್ತದೆ. ಫೋನೂ ಅಲ್ಲಿಗೇ ಹೋಗುತ್ತದೆ. ಸರ್ವರ್ ಇಬ್ಬರನ್ನೂ ನೇರವಾಗಿ ಜೋಡಿಸಲು ನೋಡುತ್ತದೆ, ಆಗದಿದ್ದರೆ ತಾನೇ ನಡುವೆ ನಿಂತು ಚಿತ್ರ ದಾಟಿಸುತ್ತದೆ. ಒಳಗಿನಿಂದ ಹೊರಗೆ ಹೋಗುವುದಕ್ಕೆ ಸಿಜಿ-ನ್ಯಾಟ್ ಅಡ್ಡ ಬರುವುದಿಲ್ಲ. ಸೆಟ್ಟಿಂಗ್ಸಿನಲ್ಲಿ ಪಿ2ಪಿ ಆನ್ ಮಾಡಿ, ಟಿವಿ ಮೇಲೆ ಬಂದ ಕ್ಯೂಆರ್ ಕೋಡನ್ನು ಫೋನಿಗೆ ತೋರಿಸಿದೆ.

ಸ್ಟೇಟಸ್: ಆಫ್‌ಲೈನ್.

ಇಲ್ಲಿ ನಿಜವಾಗಲೂ ಹೊತ್ತು ಹಿಡಿಯಿತು. ವಿಳಾಸ ಸರಿ, ಗೇಟ್‌ವೇ ಸರಿ. ಪೆಟ್ಟಿಗೆಯ ಪಿಂಗ್ ಪರೀಕ್ಷೆಯಲ್ಲಿ 8.8.8.8 ಅಂತ ಅಂಕಿ ಕೊಟ್ಟರೆ ಉತ್ತರ ಬರುತ್ತಿದೆ, ಅಂದರೆ ಇಂಟರ್ನೆಟ್ ತಲುಪುತ್ತಿದೆ. ಅಂಕಿ ಬದಲು ವೆಬ್‌ಸೈಟಿನ ಹೆಸರು ಕೊಟ್ಟರೆ ಇಲ್ಲ. ಅಲ್ಲಿ ಗೊತ್ತಾಯಿತು ಡಿಎನ್‌ಎಸ್ ಅಂತ. ನೆಟ್‌ವರ್ಕ್ ಪುಟವನ್ನು ಕೆಳಗೆ ಸರಿಸಿದರೆ ಡಿಎನ್‌ಎಸ್‌ಗೆ ಬೇರೆಯೇ ಒಂದು ಟಿಕ್ ಇದೆ! ವಿಳಾಸಕ್ಕೆ ಡಿಎಚ್‌ಸಿಪಿ ಹಾಕಿದರೂ ಡಿಎನ್‌ಎಸ್ ಮಾತ್ರ ಹಳೇ ಕಂಪನಿಯದ್ದೇ ಉಳಿದಿತ್ತು. ಇಂಟರ್ನೆಟ್ ಕಂಪನಿಗಳ ಡಿಎನ್‌ಎಸ್ ಸಾಮಾನ್ಯವಾಗಿ ತಮ್ಮ ಗಿರಾಕಿಗಳಿಗೆ ಮಾತ್ರ ಉತ್ತರ ಕೊಡುತ್ತದೆ, ನಾವು ಈಗ ಅವರ ಗಿರಾಕಿಗಳಲ್ಲ. ಹಾಗಾಗಿ ಸರ್ವರಿನ ಹೆಸರಿನಿಂದ ಅದರ ವಿಳಾಸ ಹುಡುಕಲು ಪೆಟ್ಟಿಗೆಗೆ ಆಗುತ್ತಲೇ ಇರಲಿಲ್ಲ. ಟಿವಿ ಮೇಲಿನ ಆ ಪುಟ್ಟ ಕೀಬೋರ್ಡಿನಲ್ಲಿ ಮೌಸ್ ಒತ್ತಿ ಒತ್ತಿ, ಯಾರು ಕೇಳಿದರೂ ಉತ್ತರ ಕೊಡುವ ಡಿಎನ್‌ಎಸ್‌ಗಳಾದ 8.8.8.8 ಮತ್ತು 1.1.1.1 ಬರೆದು ಉಳಿಸಿದೆ. ಸ್ವಲ್ಪ ಹೊತ್ತಿಗೆ ಆಫ್‌ಲೈನ್ ಅನ್ನುವುದು ಆನ್‌ಲೈನ್ ಆಯಿತು. ವೈಫೈ ಆಫ್ ಮಾಡಿ ರಸ್ತೆ ತುದಿಯವರೆಗೂ ನಡೆದುಕೊಂಡು ಹೋಗಿ ನೋಡಿದೆ. ಗೇಟು ಕಾಣುತ್ತಿತ್ತು, ಗೇಟಿನ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದ ಅಮ್ಮನೂ ಕಾಣುತ್ತಿದ್ದಳು.

ಇನ್ನೊಂದು ವಿಷಯ ಆಗಲೇ ಕಣ್ಣಿಗೆ ಬಿತ್ತು. ಚಿತ್ರದ ಮೂಲೆಯಲ್ಲಿ ಬರುವ ಗಡಿಯಾರ ಕೆಲವು ನಿಮಿಷ ಹಿಂದಿತ್ತು. ಗಡಿಯಾರ ಸರಿಮಾಡಿಕೊಳ್ಳುವ ಎನ್‌ಟಿಪಿ ಸರ್ವರನ್ನೂ ಪೆಟ್ಟಿಗೆ ಹೆಸರಿನಿಂದಲೇ ಹುಡುಕುವುದು, ಅದೂ ಇಷ್ಟು ದಿನ ಸಿಕ್ಕಿರಲಿಲ್ಲ. ನಾಳೆ ಏನಾದರೂ ಆಗಿ ರೆಕಾರ್ಡಿಂಗ್ ತೋರಿಸಬೇಕಾಗಿ ಬಂದರೆ, ತಪ್ಪು ಸಮಯ ಇರುವ ವಿಡಿಯೊ ಇಟ್ಟುಕೊಂಡು ಪ್ರತಿಯೊಬ್ಬರಿಗೂ ವಿವರಣೆ ಕೊಡಬೇಕು. ಡಿಎನ್‌ಎಸ್ ಸರಿಯಾದ ಮೇಲೆ ಗಡಿಯಾರ ತಾನೇ ಸರಿಹೋಯಿತು.

ಮೊಬೈಲ್ ಡೇಟಾದಲ್ಲಿ ನಾಲ್ಕೂ ಒಟ್ಟಿಗೆ ತೆರೆದರೆ ಚಿತ್ರ ತಡೆದು ತಡೆದು ಬರುತ್ತಿತ್ತು. ಆ್ಯಪ್ ಮೇನ್ ಸ್ಟ್ರೀಮ್, ಅಂದರೆ ಪೂರ್ತಿ ಗುಣಮಟ್ಟದ ಚಿತ್ರ, ಎಳೆಯುತ್ತಿತ್ತು, ನಮ್ಮ ಕ್ಯಾಮೆರಾಗಳಲ್ಲಿ ಅದು ಒಂದಕ್ಕೆ 4 ಎಂಬಿಪಿಎಸ್ ಅಂತ ಇಟ್ಟಿದೆ, ನಾಲ್ಕಕ್ಕೆ 16. ಅಷ್ಟೂ ಮನೆಯಿಂದ ಅಪ್‌ಲೋಡ್ ಆಗಬೇಕು. ಕಡಿಮೆ ಗುಣಮಟ್ಟದ ಸಬ್ ಸ್ಟ್ರೀಮಿಗೆ ಬದಲಿಸಿದೆ, ಒಂದಕ್ಕೆ ಅರ್ಧ ಎಂಬಿಪಿಎಸ್ ಸಾಕು. ಅಂಗೈಯಗಲದ ಪರದೆಯಲ್ಲಿ ನಾಲ್ಕು ಚೌಕ ನೋಡುವಾಗ ವ್ಯತ್ಯಾಸವೇ ತಿಳಿಯುವುದಿಲ್ಲ. ಮುಖ ಗುರುತು ಹಿಡಿಯಬೇಕಾದಾಗ ಒಂದನ್ನೇ ದೊಡ್ಡದು ಮಾಡಿ ಮೇನ್‌ಗೆ ಹೋದರಾಯಿತು. ಅಲಾರಂ ತಡವಾಗಿ ಬರುತ್ತಿದ್ದದ್ದು ಫೋನಿನ ಬ್ಯಾಟರಿ ಉಳಿಸುವ ಸೆಟ್ಟಿಂಗಿನಿಂದ, ಆ ಆ್ಯಪ್ ಒಂದಕ್ಕೆ ಅದನ್ನು ತೆಗೆದೆ.

ಪಿ2ಪಿ ಅಂದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬಬೇಕಿಲ್ಲ. ಅಗ್ಗದ ಹಲವು ಕ್ಯಾಮೆರಾಗಳೊಳಗೆ ಬಳಸಿದ್ದ ಒಂದು ಪಿ2ಪಿ ಪ್ರೋಗ್ರಾಂನಲ್ಲಿ ಐಡಿಗಳನ್ನು ಊಹಿಸಿ ಹಿಡಿಯಬಹುದು ಅನ್ನುವುದು 2019ರಲ್ಲಿ ಬಯಲಾಗಿತ್ತು. ಅದಕ್ಕೇ ಎದ್ದು ಬರುವ ಮುಂಚೆ ಫರ್ಮ್‌ವೇರ್ (ಪೆಟ್ಟಿಗೆಯೊಳಗಿನ ಸಾಫ್ಟ್‌ವೇರ್) ಹೊಸದು ಮಾಡಿದೆ, ಅಡ್ಮಿನ್ ಪಾಸ್‌ವರ್ಡ್ ಬದಲಿಸಿದೆ, ರೂಟರಿನಲ್ಲಿ ಯುಪಿಎನ್‌ಪಿ (ಸಾಧನಗಳು ತಾವೇ ಪೋರ್ಟ್ ತೆರೆಸಿಕೊಳ್ಳುವ ಸೌಲಭ್ಯ) ಆಫ್ ಮಾಡಿದೆ. ಪೂರ್ತಿ ನಮ್ಮ ಕೈಯಲ್ಲೇ ಇರಬೇಕು ಅನ್ನುವವರಿಗೆ ಮನೆಗೆ ವಿಪಿಎನ್, ಅಂದರೆ ಹೊರಗಿನಿಂದ ಮನೆಯ ನೆಟ್‌ವರ್ಕಿಗೆ ಬರುವ ಖಾಸಗಿ ದಾರಿ, ಹಾಕಿಕೊಳ್ಳುವುದು ಇನ್ನೂ ಒಳ್ಳೆಯದು. ಟೇಲ್‌ಸ್ಕೇಲ್ ಥರದವು ಸಿಜಿ-ನ್ಯಾಟ್ ಹಿಂದೆಯೂ ನಡೆಯುತ್ತವೆ, ಆದರೆ ಅದಕ್ಕೆ ಮನೆಯಲ್ಲಿ ಸದಾ ಆನ್ ಇರುವ ಒಂದು ಪುಟ್ಟ ಕಂಪ್ಯೂಟರ್ ಬೇಕು. ಅದು ನನ್ನ ಮುಂದಿನ ಕೆಲಸ.

ಅಕ್ಕನಿಗೂ ಅಮ್ಮನಿಗೂ ಬೇರೆ ಬೇರೆ ಯೂಸರ್ ಮಾಡಿಕೊಟ್ಟೆ, ಲೈವ್ ಮತ್ತು ಹಿಂದಿನ ರೆಕಾರ್ಡಿಂಗ್ ನೋಡಬಹುದು, ಸೆಟ್ಟಿಂಗ್ ಮುಟ್ಟಲು ಬರುವುದಿಲ್ಲ. ಕ್ಯಾಮೆರಾ ಹಾಕಿದವರಿಗೂ ಫೋನ್ ಮಾಡಿ ಡಿಎನ್‌ಎಸ್ ಟಿಕ್ ಬೇರೆ ಇರುವ ವಿಷಯ ಹೇಳಿದೆ. “ಹೌದಾ ಸರ್, ಇನ್ನೂ ಎರಡು ಮನೇಲಿ ಇದೇ ಕಂಪ್ಲೇಂಟ್ ಇದೆ, ಇವತ್ತೇ ನೋಡ್ತೀನಿ” ಅಂದರು.