ಹೆಸರು ಹಿಡಿದು ಬೇಡಿದ ಶುಕ್ರವಾರ

2024ರ ಫೆಬ್ರವರಿ 26, ಸೋಮವಾರ. ರಾತ್ರಿ ಊಟಕ್ಕೆ ಕೂತಿದ್ದಾಗ ಟಿ.ವಿ. ಪರದೆಯ ಕೆಳಗೆ ಓಡುವ ಸಾಲಿನಲ್ಲಿ ಪ್ಯಾಲೆಸ್ತೀನಿನ ಪ್ರಧಾನಿ ಮೊಹಮ್ಮದ್ ಶತಯ್ಯೆ ರಾಜೀನಾಮೆ ಕೊಟ್ಟ ಸುದ್ದಿ ಬಂತು. ನಾನು ಕೈ ತೊಳೆದು ಬಂದು, ಬೈಬಲಿನೊಳಗೆ ಮಡಚಿಟ್ಟಿದ್ದ ಹಾಳೆ ತೆಗೆದೆ. ಬರುವ ಶುಕ್ರವಾರ ಚರ್ಚಿನಲ್ಲಿ ಓದಬೇಕಾದ ವಿಜ್ಞಾಪನಾ ಪ್ರಾರ್ಥನೆ ಅದು. ಎರಡನೆಯ ಸಾಲಿನಲ್ಲಿ ಅವರ ಹೆಸರಿತ್ತು. ಹೊಡೆದು ಹಾಕುವುದೋ ಬಿಡುವುದೋ ತಿಳಿಯಲಿಲ್ಲ. ಹೊಸಬರು ಬರುವ ತನಕ ಅವರೇ ಕೆಲಸ ನೋಡಿಕೊಳ್ಳುತ್ತಾರೆ ಎಂದು ಮರುದಿನ ಪೇಪರಿನಲ್ಲಿ ಓದಿದ ಮೇಲೆ ಹೆಸರನ್ನು ಹಾಗೇ ಉಳಿಸಿದೆ.

ಮಂಗಳೂರಿನ ಹೊರವಲಯದ ಒಂದು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಚರ್ಚಿನವಳು ನಾನು. ಪ್ಯಾಲೆಸ್ತೀನಿನ ಪ್ರಧಾನಿ ಯಾರು ಎಂಬ ಪ್ರಶ್ನೆ ನನ್ನ ಊಟ ನಿಲ್ಲಿಸಿದ್ದು ಐವತ್ತೆಂಟು ವರ್ಷದಲ್ಲಿ ಅದೇ ಮೊದಲು.

ಮಾರ್ಚ್ ತಿಂಗಳ ಮೊದಲ ಶುಕ್ರವಾರ ವಿಶ್ವ ಪ್ರಾರ್ಥನಾ ದಿನ. 1927ರಿಂದ ನಡೆದು ಬಂದದ್ದು. ಪ್ರತಿವರ್ಷ ಒಂದು ದೇಶದ ಕ್ರೈಸ್ತ ಹೆಂಗಸರು ಆರಾಧನಾ ಕ್ರಮವನ್ನು ಬರೆದು ಕೊಡುತ್ತಾರೆ. ಶಾಂತಸಾಗರದ ದ್ವೀಪಗಳಲ್ಲಿ ಬೆಳಗಾಗುವಾಗ ಶುರುವಾಗಿ, ಸೂರ್ಯನ ಜೊತೆಗೇ ಸರಿಯುತ್ತಾ, ಅದೇ ಮಾತು ಅದೇ ದಿನ ನೂರಕ್ಕೂ ಮಿಕ್ಕ ದೇಶ ಸುತ್ತುತ್ತದೆ. ನಮ್ಮ ಸ್ತ್ರೀಯರ ಅನ್ಯೋನ್ಯ ಕೂಟಕ್ಕೆ ಇದು ವರ್ಷದ ದೊಡ್ಡ ಕೆಲಸ. ತಿಳಿದು ಪ್ರಾರ್ಥಿಸು, ಪ್ರಾರ್ಥಿಸಿ ಕೈಜೋಡಿಸು ಎಂಬುದು ಈ ದಿನದ ಧ್ಯೇಯ. ತಿಳಿದು ಎಂಬ ಆ ಮೊದಲ ಮಾತನ್ನು ನಾವು ಮೊದಮೊದಲು ಅಷ್ಟಾಗಿ ಲೆಕ್ಕಕ್ಕೆ ಇಟ್ಟಿರಲಿಲ್ಲ. 2018ರಲ್ಲಿ ಸುರಿನಾಮ್ ಬಂದಾಗ ಆ ದೇಶ ಭೂಪಟದಲ್ಲಿ ಎಲ್ಲಿದೆ ಎಂದು ಹುಡುಕಿದ್ದು ಸಂಡೇ ಸ್ಕೂಲಿನ ಮಕ್ಕಳು. ಜಿಂಬಾಬ್ವೆಯ ವರ್ಷ 2020. ಆ ಶುಕ್ರವಾರ ಕಳೆದು ಮೂರು ವಾರದೊಳಗೆ ಲಾಕ್‌ಡೌನ್. ಮುಂದಿನ ವರ್ಷ ವನುವಾಟು, 2023ಕ್ಕೆ ತೈವಾನ್. ಬಾವುಟ ಬರೆದೆವು, ಹಾಡು ಕಲಿತೆವು, ಕಾಣಿಕೆ ಎತ್ತಿದೆವು. ಯಾರ ಮನಸ್ಸಿಗೂ ಅದರಿಂದ ಗೀರು ಬಿದ್ದಿರಲಿಲ್ಲ.

2024ರ ಸರದಿ ಪ್ಯಾಲೆಸ್ತೀನಿನದು. ಇದು ವರ್ಷಗಳ ಹಿಂದೆಯೇ ನಿಶ್ಚಯವಾಗಿತ್ತು, ಅಲ್ಲಿನ ಹೆಂಗಸರು ಗಾಜಾ ಯುದ್ಧಕ್ಕೂ ಮುಂಚೆಯೇ ಬರೆದು ಮುಗಿಸಿದ್ದರು. ವಸ್ತು ಎಫೆಸದವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯದ್ದು: ಪ್ರೀತಿಯಿಂದ ಒಬ್ಬರನ್ನೊಬ್ಬರು ಸಹಿಸಿಕೊಳ್ಳಿರಿ ಎಂದು ಬೇಡಿಕೊಳ್ಳುತ್ತೇನೆ. ಕ್ರಮದಲ್ಲಿ ಮೂವರು ಹೆಂಗಸರ ಮಾತುಗಳಿದ್ದವು. ಅದರಲ್ಲಿ ಒಂದು, 2022ರ ಮೇ 11ರಂದು ಜೆನಿನ್‌ನಲ್ಲಿ ವರದಿ ಮಾಡುತ್ತಿದ್ದಾಗಲೇ ಗುಂಡೇಟಿಗೆ ಬಲಿಯಾದ ಪತ್ರಕರ್ತೆ ಶಿರೀನ್ ಅಬು ಅಕ್ಲೆಯ ಬಗ್ಗೆ ಆಕೆಯ ಅಣ್ಣನ ಮಗಳು ಹೇಳುವ ಮಾತು. ನಾವು ಮೂವರು ನನ್ನ ಮನೆಯ ಚಾವಡಿಯಲ್ಲಿ ಕೂತು ಇದನ್ನೆಲ್ಲ ಕನ್ನಡಕ್ಕೆ ತಂದೆವು. ಅತ್ತೆ ಎಂಬ ಶಬ್ದ ಬರೆಯುವಾಗ ನಮ್ಮಲ್ಲಿ ಚಿಕ್ಕವಳಾದ ಟೀಚರ್ ಪೆನ್ನು ಕೆಳಗಿಟ್ಟು ಸುಮ್ಮನೆ ಕೂತಳು.

ಮಂಗಳೂರಿನವರಿಗೆ ಇಸ್ರೇಲ್ ದೂರದ ದೇಶವಲ್ಲ. ದಕ್ಷಿಣ ಕನ್ನಡ, ಉಡುಪಿಯ ಎಷ್ಟೋ ಕ್ರೈಸ್ತ ಮನೆಗಳಿಂದ ಮಕ್ಕಳು ಅಲ್ಲಿಗೆ ಹೋಗಿ, ವಯಸ್ಸಾದವರನ್ನು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ. ಆ ದುಡ್ಡಿನಿಂದ ಇಲ್ಲಿ ಮನೆ ಎದ್ದಿದೆ, ತಂಗಿಯರ ಮದುವೆಯಾಗಿದೆ. ನಮ್ಮ ಸಭೆಯ ಒಬ್ಬ ತಾಯಿಯ ಮಗಳು ಟೆಲ್ ಅವೀವ್ ಪಕ್ಕದ ರಮತ್ ಗಾನ್‌ನಲ್ಲಿ ಎಂಟು ವರ್ಷದಿಂದ ಒಬ್ಬ ಅಜ್ಜಿಯ ಆರೈಕೆ ಮಾಡಿಕೊಂಡಿದ್ದಾಳೆ. ಅಜ್ಜಿಗೆ ತೊಂಬತ್ತು ದಾಟಿದೆ, ಎದ್ದು ನಡೆಯಲಾರರು. ಸೈರನ್ ಕೂಗಿದರೆ ಆ ಕಡೆ ತೊಂಬತ್ತು ಸೆಕೆಂಡಿನೊಳಗೆ ಆಸರೆಗೆ ಹೋಗಬೇಕು. ತೊಂಬತ್ತು ಸೆಕೆಂಡಿನಲ್ಲಿ ಆ ಅಜ್ಜಿಯನ್ನು ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸುವುದಕ್ಕೂ ಆಗುವುದಿಲ್ಲ. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯ ನಂತರ ಮಗಳು ಎಷ್ಟೋ ಸಲ ಓಡದೆ ಮಂಚದ ಪಕ್ಕದಲ್ಲೇ ಅಜ್ಜಿಯ ಕೈ ಹಿಡಿದು ಕೂತಿದ್ದಳು. ಆಪರೇಷನ್ ಅಜಯ್ ಹೆಸರಿನಲ್ಲಿ ನಮ್ಮ ಸರ್ಕಾರ ವಿಮಾನ ಕಳಿಸಿದಾಗಲೂ ಹತ್ತಲಿಲ್ಲ. ಅಜ್ಜಿಯನ್ನು ಯಾರ ಕೈಗೆ ಕೊಟ್ಟು ಬರಲಿ ಅಮ್ಮಾ ಎಂದಳಂತೆ.

ರಾಜೀನಾಮೆಯ ಸುದ್ದಿಗೂ ಹಿಂದಿನ ಮಂಗಳವಾರದ ಅಭ್ಯಾಸದಲ್ಲಿ ಈ ತಾಯಿ ಎದ್ದು ನಿಂತರು. ಹೆಚ್ಚು ಮಾತನಾಡುವವರಲ್ಲ. "ನಂಗೆ ರಾಜಕೀಯ ಗೊತ್ತಿಲ್ಲ. ನನ್ನ ಮಗಳು ಆ ಮನೆಯ ಅನ್ನ ಉಣ್ಣುತ್ತಾಳೆ. ಒಂದೇ ಕಡೆಗೆ ಪ್ರಾರ್ಥನೆ ಮಾಡಿದ್ರೆ ನಾನು ಆಮೆನ್ ಹೇಳುವುದು ಹೇಗೆ?"

ಟೀಚರಿಗೆ ಕಣ್ಣು ತುಂಬಿ ಬಂತು, ಆದರೂ ಬಿಡಲಿಲ್ಲ. ಗಾಜಾದಲ್ಲಿ ಸತ್ತವರ ಲೆಕ್ಕ ಆ ವಾರ ಮೂವತ್ತು ಸಾವಿರದ ಹತ್ತಿರ ಬಂದಿತ್ತು. ಅದರಲ್ಲಿ ಮಕ್ಕಳೆಷ್ಟು, ಎಂದು ಕೇಳಿದಳು. ಅಲ್ಲಿದ್ದ ಕ್ರೈಸ್ತರೇ ಸುಮಾರು ಒಂದು ಸಾವಿರ. ಸಂತ ಪೋರ್ಫಿರಿಯಸ್ ಚರ್ಚಿನ ಆವರಣಕ್ಕೆ ಬಾಂಬು ಬಿದ್ದು ಆಶ್ರಯ ಪಡೆದವರು ಸತ್ತದ್ದು ಅಕ್ಟೋಬರಿನಲ್ಲಿ, ಹೋಲಿ ಫ್ಯಾಮಿಲಿ ಚರ್ಚಿನ ಅಂಗಳದಲ್ಲಿ ತಾಯಿ ಮಗಳಿಬ್ಬರೂ ಗುಂಡು ತಾಗಿ ಬಿದ್ದದ್ದು ಕ್ರಿಸ್ಮಸ್ಸಿಗೆ ಒಂಬತ್ತು ದಿನ ಮುಂಚೆ. ನಮ್ಮ ಆಂಗ್ಲಿಕನ್ ಕುಟುಂಬದವರೇ ನಡೆಸುವ ಅಲ್ ಅಹ್ಲಿ ಆಸ್ಪತ್ರೆಯ ಅಂಗಳದ ಸ್ಫೋಟವನ್ನು ನಾವು ಭಾನುವಾರದ ಪ್ರಾರ್ಥನೆಯಲ್ಲಿ ಒಮ್ಮೆಯಾದರೂ ಎತ್ತಿದೆವಾ? ಅವಳು ಕೇಳಿದ್ದು ಸರಿಯಾಗಿತ್ತು. ಬೆತ್ಲೆಹೇಮಿನ ಲೂಥರನ್ ಚರ್ಚಿನಲ್ಲಿ ಆ ವರ್ಷ ಬಾಲಯೇಸುವನ್ನು ಕಲ್ಲುಮಣ್ಣಿನ ರಾಶಿಯ ನಡುವೆ ಮಲಗಿಸಿದ ಫೋಟೋ ನಮ್ಮೆಲ್ಲರ ಮೊಬೈಲಿಗೂ ಬಂದಿತ್ತು. ನೋಡಿ, ಮುಂದೆ ಕಳಿಸಿ, ನಾವು ಕುಸ್ವಾರಿನ, ಅಂದರೆ ಕ್ರಿಸ್ಮಸ್ ತಿಂಡಿಗಳ ಕೆಲಸಕ್ಕೆ ಕೂತಿದ್ದೆವು.

ನಾಯಕರಿಗಾಗಿ ಪ್ರಾರ್ಥಿಸುವ ಭಾಗ ಬರೆಯುವುದು ನನ್ನ ಪಾಲಿಗೆ ಬಂದದ್ದು ಹೀಗೆ, ಇಬ್ಬರ ನಡುವೆ ಕೂತವಳೆಂದು.

ಸಭಾಪಾಲಕರನ್ನು ಕೇಳಿದೆ. ಆ ದೇಶಗಳ ಅಧಿಕಾರಿಗಳು ಎಂದಷ್ಟೇ ಬರೆಯಿರಿ, ಹೆಸರು ಬೇಡ, ಮನಸ್ಸುಗಳು ನೋಯುತ್ತವೆ ಎಂದು ಪ್ರೀತಿಯಿಂದಲೇ ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ಪ್ರತಿ ಭಾನುವಾರ ನಾವು ರಾಷ್ಟ್ರಪತಿ, ಪ್ರಧಾನಮಂತ್ರಿ, ರಾಜ್ಯಪಾಲ, ಮುಖ್ಯಮಂತ್ರಿ ಎಂದು ಪದವಿಗಳ ಹೆಸರು ಹೇಳಿ ಮುಗಿಸುತ್ತೇವೆ. ಬಾಯಿಗೆ ರೂಢಿಯಾಗಿ ಅದರ ಹಿಂದೆ ಮನುಷ್ಯರಿದ್ದಾರೆ ಎಂಬುದೇ ಮರೆತಿದೆ. ಅರಸುಗಳಿಗಾಗಿಯೂ ಅಧಿಕಾರಿಗಳಿಗಾಗಿಯೂ ಪ್ರಾರ್ಥಿಸಬೇಕೆಂದು ತಿಮೊಥೆಯನಿಗೆ ಬರೆದ ಪತ್ರದಲ್ಲಿ ಓದುವಾಗ, ಆ ಅರಸುಗಳು ಸಭೆಯನ್ನು ಮೆಚ್ಚುತ್ತಿದ್ದವರೇನೂ ಅಲ್ಲ ಎಂಬುದನ್ನು ಜಾರಿಸಿಬಿಡುತ್ತೇವೆ. ಪ್ರವಾದಿ ಯೆರೆಮೀಯನಂತೂ ಬಾಬೆಲಿಗೆ ಸೆರೆಹೋದವರಿಗೆ, ನಿಮ್ಮನ್ನು ಒಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಬೇಡಿರಿ ಎಂದು ಬರೆದ. ಸೆರೆ ಹಿಡಿದವನ ಊರಿಗಾಗಿ!

ನನ್ನ ಅಜ್ಜಿ ಹೇಳುತ್ತಿದ್ದ ಒಂದು ಸಂಗತಿ ಆ ರಾತ್ರಿ ನೆನಪಾಯಿತು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. 1914ರಲ್ಲಿ ಮಹಾಯುದ್ಧ ಶುರುವಾದಾಗ ಅದರ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟಿತು. ಅಜ್ಜಿಗೆ ಆಗ ಎಂಟೊಂಬತ್ತು ವರ್ಷ, ಅವಳ ಅಪ್ಪ ಮಿಷನ್ನಿನ ಹಂಚಿನ ಕಾರ್ಖಾನೆಯಲ್ಲಿದ್ದರು. ಚರ್ಚಿನಲ್ಲಿ ಜಾರ್ಜ್ ದೊರೆಗಾಗಿ ಪ್ರಾರ್ಥನೆ. ಮನೆಗೆ ಬಂದು ಬಾಗಿಲು ಮುಚ್ಚಿ, ಸೆರೆಯಲ್ಲಿದ್ದ ಜರ್ಮನ್ ಅಯ್ಯನವರಿಗಾಗಿ ಹೆಸರು ಹಿಡಿದು ಇನ್ನೊಂದು ಪ್ರಾರ್ಥನೆ. ಎರಡೂ ಒಂದೇ ಬಾಯಲ್ಲಿ ಎನ್ನುತ್ತಿದ್ದಳು ಅಜ್ಜಿ. ನಮಗೆ ಬಾಗಿಲು ಮುಚ್ಚುವ ಅಗತ್ಯ ಏನಿತ್ತು?

ಹೆಸರುಗಳನ್ನು ಬರೆದೆ. ಪ್ಯಾಲೆಸ್ತೀನಿನ ಅಧ್ಯಕ್ಷ ಮಹಮೂದ್ ಅಬ್ಬಾಸ್. ಮೊಹಮ್ಮದ್ ಶತಯ್ಯೆ. ಇಸ್ರೇಲಿನ ಅಧ್ಯಕ್ಷ ಐಸಾಕ್ ಹೆರ್ಜೋಗ್. ಅಲ್ಲಿನ ಪ್ರಧಾನಿ ಬೆಂಜಮಿನ್ ನೆತನ್ಯಾಹು. ಸಂಧಾನಕ್ಕಾಗಿ ಓಡಾಡುತ್ತಿದ್ದ ಈಜಿಪ್ಟ್, ಕತಾರ್ ದೇಶಗಳ ಮುಖ್ಯಸ್ಥರು. ಹಮಾಸ್ ಮುಖಂಡರನ್ನು ಸೇರಿಸಬೇಕೇ ಎಂದು ಬಹಳ ಹೊತ್ತು ಕೂತೆ. ಅಕ್ಟೋಬರ್ 7ರಂದು ಸುಮಾರು 1,200 ಜನರನ್ನು ಕೊಂದವರು, ಸುಮಾರು 250 ಜನರನ್ನು ಎತ್ತಿಕೊಂಡು ಹೋದವರು. ಒತ್ತೆಯಾಳುಗಳಲ್ಲಿ ನೂರಕ್ಕೂ ಮಿಕ್ಕಿ ಇನ್ನೂ ಅವರ ಕೈಯಲ್ಲೇ ಇದ್ದರು. ಕೊನೆಗೆ, ಗಾಜಾದಲ್ಲಿ ಆಯುಧ ಹಿಡಿದವರ ಮುಖಂಡರು ಎಂದು ಬರೆದೆ. ಅಲ್ಲಿ ಮಾತ್ರ ನನ್ನ ಕೈ ಹೆಸರಿನ ತನಕ ಹೋಗಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಗುರುವಾರ, ಫೆಬ್ರವರಿ 29. ಗಾಜಾ ನಗರದಲ್ಲಿ ಹಿಟ್ಟಿನ ಲಾರಿಗಳಿಗೆ ಮುಗಿಬಿದ್ದವರ ನಡುವೆ ನೂರಕ್ಕೂ ಹೆಚ್ಚು ಜನ ಸತ್ತರು. ಮೂವತ್ತು ಸಾವಿರದ ಗಡಿ ದಾಟಿತು ಎಂದು ಅಲ್ಲಿನ ಆರೋಗ್ಯ ಇಲಾಖೆ ಹೇಳಿದ್ದೂ ಅದೇ ದಿನ. ಸಂಜೆ ಚರ್ಚು ಅಲಂಕರಿಸಲು ಹೋದವರು ಯಾರೂ ಮಾತಾಡಲಿಲ್ಲ. ಆಲಿವ್ ಕೊಂಬೆ ಬೇಕಿತ್ತು, ನಮ್ಮಲ್ಲಿ ಎಲ್ಲಿಂದ ತರುವುದು? ರೆಂಜೆ ಮರದ ಕೊಂಬೆ ಕಡಿದು ತಂದೆವು. ಅಲ್ಲಿನ ಗುಡ್ಡಗಳಲ್ಲಿ ಅರಳುವ ಕೆಂಪು ಗಸಗಸೆ ಹೂವಿನ ಬದಲು ದಾಸವಾಳ. ಈಸ್ಟರಿಗೆ ಮುಂಚಿನ ಉಪವಾಸದ ಲೆಂಟ್ ದಿನಗಳಾದ್ದರಿಂದ ಹೂವು ಬೇಕೇ ಎಂದು ಹಿರಿಯರೊಬ್ಬರು ಕೇಳಿದರು. ಟೀಚರ್, ಅವರ ಹೂವು, ಇರಲಿ ಅಂದಳು. ಎದ್ದು ಹೋಗುವ ಮುನ್ನ ನಾನು ಮಡಚಿದ ಹಾಳೆಯನ್ನು ರಮತ್ ಗಾನ್‌ನಲ್ಲಿರುವ ಮಗಳ ತಾಯಿಯ ಕೈಯಲ್ಲಿಟ್ಟೆ. ಇದನ್ನು ನೀವೇ ಓದಬೇಕು ಎಂದೆ. ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಕನ್ನಡಕ ಹುಡುಕಿ ಹಾಕಿಕೊಂಡು ಅಲ್ಲೇ ಬೆಂಚಿನ ಮೇಲೆ ಕೂತು, ಬೆರಳಿಟ್ಟು ಒಂದೊಂದೇ ಹೆಸರು ಓದಿದರು. ಶತಯ್ಯೆ ಎಂಬುದನ್ನು ಮೂರು ಸಲ ನನ್ನ ಹತ್ತಿರ ಹೇಳಿಸಿಕೊಂಡರು.

ಶುಕ್ರವಾರ ನಾಲ್ಕು ಗಂಟೆಗೆ ಆರಾಧನೆ. ಎಂಬತ್ತು ತೊಂಬತ್ತು ಹೆಂಗಸರು, ಹಿಂದಿನ ಬೆಂಚುಗಳಲ್ಲಿ ಕೆಲವು ಗಂಡಸರು. ಪಕ್ಕದ ಇಗರ್ಜಿಯಿಂದ ಕೊಂಕಣಿ ಮಾತಿನ ಕೆಥೊಲಿಕ್ ಅಕ್ಕಂದಿರೂ ಬಂದಿದ್ದರು. ಪೋಪ್ ಫ್ರಾನ್ಸಿಸ್ ದಿನಾಲೂ ಗಾಜಾದ ಹೋಲಿ ಫ್ಯಾಮಿಲಿ ಚರ್ಚಿಗೆ ಫೋನು ಮಾಡಿ, ಇವತ್ತು ಏನು ಉಂಡಿರಿ ಎಂದು ಆಗ ಕೇಳುತ್ತಿದ್ದ ವಿಷಯವನ್ನು ಅವರಲ್ಲೊಬ್ಬರು ಬಾಗಿಲಲ್ಲೇ ನನಗೆ ಹೇಳಿದರು. ದೇಶಕ್ಕಾಗಿ ಪ್ರಾರ್ಥಿಸುವ ಇನ್ನೊಂದು ರೀತಿ ಅದು ಎಂದು ನನಗೆ ತೋರಿತು. ಉಂಡಿರಾ ಎಂದು ಕೇಳುವುದಕ್ಕಿಂತ ದೊಡ್ಡ ವಿಜ್ಞಾಪನೆ ನಮ್ಮ ಕಡೆಯಲ್ಲೂ ಇಲ್ಲವಲ್ಲ.

ಟೀಚರ್ ಶಿರೀನಳ ಭಾಗ ಓದಿದಳು, ಧ್ವನಿ ಒಡೆಯಲಿಲ್ಲ. ನಂತರ ಆ ತಾಯಿ ಮುಂದೆ ಬಂದರು. ಮಾಸಲು ನೀಲಿ ಸೀರೆ, ಕೈಯಲ್ಲಿ ನನ್ನ ಹಾಳೆ. ಫ್ಯಾನಿನ ಗಾಳಿಗೆ ಹಾರದಂತೆ ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಓದಿದರು. ಅಬ್ಬಾಸ್, ಶತಯ್ಯೆ, ಹೆರ್ಜೋಗ್. ಪ್ರತಿ ಹೆಸರಿಗೂ ನಾವು, ಕರ್ತನೇ ನಮ್ಮ ಪ್ರಾರ್ಥನೆಯನ್ನು ಕೇಳು ಎಂದೆವು. ನೆತನ್ಯಾಹು ಎಂದಾಗ ಸಭೆಯ ಉತ್ತರ ಅರ್ಧಕ್ಕೆ ಇಳಿಯಿತು. ಆಯುಧ ಹಿಡಿದವರ ಮುಖಂಡರು ಎಂದಾಗ ಇನ್ನೂ ಕಡಿಮೆ. ಅವರು ಹಾಳೆಯಿಂದ ತಲೆ ಎತ್ತಿ ನಮ್ಮನ್ನು ನೋಡಿದರು, ಬೈಯುವ ಹಾಗಲ್ಲ. ಆಮೇಲೆ ಹಾಳೆ ಮಡಚಿ, ಮನೆಯ ತುಳುವಿನಲ್ಲಿ, ಅಡುಗೆಮನೆಯಲ್ಲಿ ನಿಂತು ಮಾತಾಡುವ ಹಾಗೆ ಹೇಳಿದರು:

"ಇವರಿಗೆ ಯಾರಿಗೂ ನಿದ್ದೆ ಕೊಡಬೇಡ ಕರ್ತನೇ, ಆ ಮಕ್ಕಳಿಗೆಲ್ಲ ನಿದ್ದೆ ಬರುವ ತನಕ. ನನ್ನ ಮಗಳ ಅಜ್ಜಿಯೂ ರಾತ್ರಿ ಎದ್ದೆದ್ದು ಕೂರುತ್ತಾರಂತೆ. ಅವರನ್ನೂ ಮಲಗಿಸು."

ಉತ್ತರ ಹೇಳಬೇಕೆಂದು ಯಾರಿಗೂ ಗೊತ್ತಾಗಲಿಲ್ಲ. ಮುಂದಿನ ಬೆಂಚಿನಿಂದ ಟೀಚರ್ ಒಬ್ಬಳೇ, ಕರ್ತನೇ ನಮ್ಮ ಪ್ರಾರ್ಥನೆಯನ್ನು ಕೇಳು ಎಂದಳು. ಆಮೇಲೆ ಇಡೀ ಸಭೆ.

ನಾಯಕರಿಗಾಗಿ ಪ್ರಾರ್ಥಿಸುವುದೆಂದರೆ ಅವರು ಮಾಡಿದ್ದಕ್ಕೆಲ್ಲ ಆಶೀರ್ವಾದ ಕೇಳುವುದು ಎಂದು ನಾನೂ ಒಳಗೊಳಗೇ ಹೆದರಿದ್ದೆ. ಒಬ್ಬ ಆಳುವವನ ನಿದ್ದೆ ಕೆಡಲಿ ಎಂದು ಬೇಡುವುದೂ ಅವನಿಗಾಗಿಯೇ ಬೇಡಿದ ಹಾಗೆ ಎಂಬುದು ನನ್ನ ಹಾಳೆಯಲ್ಲಿ ಇರಲಿಲ್ಲ.

ಕಾಣಿಕೆ ಎಣಿಸಿದಾಗ 14,370 ರೂಪಾಯಿ; ತೈವಾನಿನ ವರ್ಷದ ಎರಡು ಪಟ್ಟು ಹತ್ತಿರ. ಮೇಲಿನ ಕೂಟಕ್ಕೆ ಕಳಿಸಿದೆವು. ಚಹಾ ಕುಡಿಯುತ್ತಿದ್ದಾಗ ಆ ತಾಯಿಗೆ ವಿಡಿಯೋ ಕರೆ ಬಂತು. ಅಲ್ಲಿ ಮಧ್ಯಾಹ್ನ ಎರಡೂವರೆ, ಸಬ್ಬತ್ತಿನ ಅಡುಗೆ ನಡೆದಿತ್ತು. ಮಗಳು ಫೋನನ್ನು ಅಜ್ಜಿಯ ಕಡೆ ತಿರುಗಿಸಿದಳು. ತೆಳ್ಳನೆಯ ಬಿಳಿಕೂದಲು, ಕೈಯೊಂದು ಎದ್ದು ಬಿತ್ತು. ಟೀಚರ್ ತಾಯಿಯ ಹೆಗಲ ಮೇಲಿಂದ ಬಗ್ಗಿ ರೆಂಜೆ ಕೊಂಬೆಯನ್ನು ಪರದೆಗೆ ಹಿಡಿದು ತೋರಿಸಿದಳು.

ಅದಾಗಿ ಎರಡು ವಾರ. ಮಾರ್ಚ್ 14ರಂದು ಮೊಹಮ್ಮದ್ ಮುಸ್ತಫಾ ಎಂಬವರನ್ನು ಪ್ಯಾಲೆಸ್ತೀನಿನ ಹೊಸ ಪ್ರಧಾನಿಯಾಗಿ ನೇಮಿಸಿದರು. ಆ ಭಾನುವಾರ ಆರಾಧನೆ ಮುಗಿದು ಮೆಟ್ಟಿಲು ಇಳಿಯುತ್ತಿದ್ದೆ. ಹಿಂದಿನಿಂದ ಯಾರೋ ಸೆರಗು ಎಳೆದರು. ಅದೇ ತಾಯಿ. ಬೈಬಲಿನೊಳಗಿಂದ ನನ್ನ ಹಾಳೆ ತೆಗೆದರು. ಮಡಿಕೆಗಳಲ್ಲಿ ಸವೆದು ಹರಿಯಲು ಬಂದಿತ್ತು. ಪೆನ್ನನ್ನೂ ಅವರೇ ತಂದಿದ್ದರು.

"ಶತಯ್ಯೆಯವರ ಕೆಳಗೆ ಹೊಸಬರ ಹೆಸರು ಬರೆದು ಕೊಡು. ದೊಡ್ಡ ಅಕ್ಷರದಲ್ಲಿ ಬರಿ, ರಾತ್ರಿ ಬೆಳಕು ಕಡಿಮೆ."