ಮುಖ್ಯಮಂತ್ರಿ ಹುದ್ದೆಗೆ ಬರೀ ಹುಡುಗರು

ಹಾಸನ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಸಮಾಜ ವಿಜ್ಞಾನದ ಟೀಚರ್. ಹಾಗಾಗಿ ಶಾಲಾ ಸಂಸತ್ತಿನ ಚುನಾವಣೆ ನಡೆಸುವ ಕೆಲಸ ನನ್ನ ತಲೆಗೇ ಬರುತ್ತದೆ. ನಾಮಪತ್ರ, ಚಿಹ್ನೆ, ಮೊಬೈಲ್‌ನಲ್ಲಿ ವೋಟಿಂಗ್ ಮಷೀನ್ ಆ್ಯಪ್, ಬೆರಳಿಗೆ ಮಾರ್ಕರ್ ಪೆನ್ನಿನ ಗುರುತು, ಎಲ್ಲ ಉಂಟು. ಬೀಪ್ ಸದ್ದು ಕೇಳಿದ ಒಂದನೇ ಕ್ಲಾಸಿನವರು ಇನ್ನೊಂದ್ ಸಲ ಒತ್ತುತ್ತೇನೆ ಅಂತ ಹಟ ಹಿಡಿಯುತ್ತಾರೆ.

ಕಳೆದ ವರ್ಷ ನಾಮಪತ್ರಗಳನ್ನು ಜೋಡಿಸಿಡುವಾಗ ನೋಡಿದೆ. ಮುಖ್ಯಮಂತ್ರಿ, ಕ್ರೀಡಾ ಮಂತ್ರಿಗೆ ಬರೀ ಹುಡುಗರು. ಆರೋಗ್ಯ, ಸ್ವಚ್ಛತೆ, ಸಾಂಸ್ಕೃತಿಕ ಖಾತೆಗೆ ಬರೀ ಹುಡುಗಿಯರು. ಹೀಗೇ ಬರೆಯಿರಿ ಅಂತ ಯಾರೂ ಹೇಳಿರಲಿಲ್ಲ.

ಏಳನೇ ಕ್ಲಾಸಿನಲ್ಲಿ ಒಬ್ಬಳಿದ್ದಳು. ಬಿಸಿಯೂಟದ ಸಾಲು ಸರಿ ಮಾಡುವವಳು ಅವಳೇ, ಜಗಳ ಬಿಡಿಸುವವಳೂ ಅವಳೇ. "ನೀನ್ಯಾಕೆ ಮುಖ್ಯಮಂತ್ರಿಗೆ ನಿಲ್ಲಬಾರದು?" ಅಂದೆ.

"ಅಯ್ಯೋ, ನಂಗ್ಯಾಕೆ ಮಿಸ್ ಅದೆಲ್ಲ. ಕ್ಯಾನ್ವಾಸ್‌ಗೆ ಓಡಾಡ್ಬೇಕು. ಮನೇಲಿ ಬೈತಾರೆ."

ಅವಳು ಸುಮ್ನೆ ನೆಪ ಹೇಳಿದ್ದಲ್ಲ. ನಮ್ಮ ಹುಡುಗರ ಪ್ರಚಾರ ನಡೆಯುವುದು ಸಂಜೆ, ಅರಳಿಕಟ್ಟೆ ಹತ್ತಿರ, ಕ್ರಿಕೆಟ್ ಆಡುವ ಬಯಲಲ್ಲಿ. ಯಾರು ಯಾರ ಕಡೆ ಅಂತ ತೀರ್ಮಾನ ಆಗುವುದೂ ಅಲ್ಲೇ. ಆ ಹೊತ್ತಿಗೆ ಹುಡುಗಿಯರು ಪಾತ್ರೆ ತೊಳೆಯುತ್ತಿರುತ್ತಾರೆ, ತಮ್ಮನನ್ನು ಎತ್ತಿಕೊಂಡಿರುತ್ತಾರೆ. ಕಟ್ಟೆ ಮೇಲೆ ಅವರ ಅಮ್ಮಂದಿರೇ ಕೂರುವುದಿಲ್ಲ, ಇನ್ನು ಇವರೆಲ್ಲಿ?

ಇವಳ ಅಮ್ಮ ಗ್ರಾಮ ಪಂಚಾಯ್ತಿ ಸದಸ್ಯೆ. ಆದರೆ ಸ್ಥಳೀಯ ಸರ್ಕಾರದ ಪಾಠದಲ್ಲಿ ನಿಮ್ಮ ವಾರ್ಡಿನ ಮೆಂಬರ್ ಯಾರು ಅಂತ ಕೇಳಿದರೆ ಕ್ಲಾಸಿಗೆ ಕ್ಲಾಸೇ ಅವಳ ಅಪ್ಪನ ಹೆಸರು ಕೂಗಿತು. ಅವಳೂ ಕೂಗಿದಳು! ಕರ್ನಾಟಕದ ಪಂಚಾಯ್ತಿಗಳಲ್ಲಿ ಮಹಿಳೆಯರಿಗೆ ಶೇ 25 ಮೀಸಲಾತಿ ಕೊಟ್ಟದ್ದು 1983ರ ಕಾಯ್ದೆ. 2010ರಲ್ಲಿ ಅದು ಶೇ 50 ಆಯಿತು. ಇದನ್ನೆಲ್ಲ ಬೋರ್ಡ್ ಮೇಲೆ ಬರೆಸುತ್ತೇನೆ. ಮನೆಯಲ್ಲಿ ಪಂಚಾಯ್ತಿ ಫೋನ್ ಬಂದಾಗ ಎತ್ತುವುದು ಅಪ್ಪ. ಮಕ್ಕಳು ಬೋರ್ಡನ್ನು ನಂಬುತ್ತಾರೋ ಫೋನನ್ನೋ? ಟಿವಿ ಹಾಕಿದರೂ ಅಷ್ಟೇ. 2023ರಲ್ಲಿ ನಮ್ಮ ವಿಧಾನಸಭೆಯ 224 ಸ್ಥಾನಗಳಲ್ಲಿ ಗೆದ್ದ ಮಹಿಳೆಯರು 10 ಜನ.

ಅವಳು ಆರೋಗ್ಯ ಮಂತ್ರಿಯಾದಳು. ಕೆಲವು ತಿಂಗಳ ಮೇಲೆ ಮಕ್ಕಳ ಗ್ರಾಮಸಭೆ ನಡೆಯಿತು. ನಮ್ಮ ಮುಖ್ಯಮಂತ್ರಿ ಕ್ರಿಕೆಟ್ ಕಿಟ್ ಕೇಳಿದ, ಚಪ್ಪಾಳೆ ಬಿತ್ತು. ಇವಳು ಎದ್ದು, ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ, ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು ಅಂದಳು. ವೇದಿಕೆ ಮೇಲಿದ್ದ ಒಬ್ಬರು ನಕ್ಕು, "ಇಂಥ ಸಣ್ಣಪುಟ್ಟದ್ದನ್ನ ನಿಮ್ಮ ಮೇಷ್ಟ್ರಿಗೆ ಹೇಳಮ್ಮ" ಅಂದರು.

"ಮೇಷ್ಟ್ರಿಗೆ ಹೇಳಿ ಆಯ್ತು ಸಾರ್. ದುಡ್ಡು ಪಂಚಾಯ್ತೀಲಿ ಇರೋದು ಅಲ್ವಾ?"

ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಪೆನ್ನು ತೆಗೆದು ಬರೆದುಕೊಂಡರು. ಇಷ್ಟು ಖಡಕ್ಕಾಗಿ ಕೇಳಿದವಳಿಗೆ ತಾನು ಮಾಡಿದ್ದು ರಾಜಕೀಯ ಅಂತ ಅನಿಸಿಯೇ ಇರಲಿಲ್ಲ. "ಅದು ಕಂಪ್ಲೇಂಟ್ ಮಿಸ್, ಅಷ್ಟೇ" ಅಂದಳು. ಕಿಟ್ ಕೇಳಿದರೆ ರಾಜಕೀಯ, ಚಿಲಕ ಕೇಳಿದರೆ ಕಂಪ್ಲೇಂಟ್. ನನಗೇನೋ ಆ ದಿನ ಸಭೆಯಲ್ಲಿ ನಡೆದ ರಾಜಕೀಯ ಅಂದರೆ ಅದೊಂದೇ. ಚಿಲಕ ಬಂತು. ನಲ್ಲಿ ಇನ್ನೂ ಸೋರುತ್ತಿದೆ.

ಈ ವರ್ಷದಿಂದ ಪ್ರಚಾರ ಎಲ್ಲ ಶಾಲೆಯೊಳಗೇ, ಊಟದ ಬಿಡುವಿನಲ್ಲೇ ಮುಗಿಯಬೇಕು ಅಂತ ನಿಯಮ ಮಾಡಿದ್ದೇವೆ. ಹುಡುಗರು ಗೊಣಗುತ್ತಿದ್ದಾರೆ. ಆರನೇ ಕ್ಲಾಸಿನ ಇಬ್ಬರು ಹುಡುಗಿಯರು ಮಾತ್ರ ಸ್ಟಾಫ್ ರೂಮಿಗೆ ಬಂದು, ಮುಖ್ಯಮಂತ್ರಿಗೆ ನಿಂತರೆ ಯಾವ ಚಿಹ್ನೆ ಸಿಗುತ್ತೆ ಅಂತ ವಿಚಾರಿಸಿಕೊಂಡು ಹೋದರು.