ಗುಲಾಬಿ ಯುದ್ಧಗಳ ಸರದಾರರೆಲ್ಲ ದ್ರೋಹಿಗಳೇ?

ಇಂಗ್ಲೆಂಡಿನ ಲ್ಯಾಂಕಾಸ್ಟರ್ ಮತ್ತು ಯಾರ್ಕ್ ಮನೆತನಗಳು ಸಿಂಹಾಸನಕ್ಕಾಗಿ ಕಾದಾಡಿದ ಗುಲಾಬಿ ಯುದ್ಧಗಳ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: ಇಂದು ಒಬ್ಬ ರಾಜನ ಕಡೆ, ನಾಳೆ ಇನ್ನೊಬ್ಬನ ಕಡೆ ನಿಲ್ಲುತ್ತಿದ್ದ ಆ ಸರದಾರರಿಗೆ ನಿಷ್ಠೆ ಎಂಬುದೇ ಇರಲಿಲ್ಲವೇ?

ಇತ್ತು, ಬೇಕಾದಷ್ಟಿತ್ತು. ಒಡಹುಟ್ಟಿದವರಿಗೆ, ಮಗಳನ್ನು ಕೊಟ್ಟ ಮನೆಗೆ, ಪಿತ್ರಾರ್ಜಿತ ಭೂಮಿಗೆ, ತನ್ನ ಲಾಂಛನ ತೊಟ್ಟು ಪ್ರಾಣ ಕೊಡಲು ಬಂದ ಆಳುಗಳಿಗೆ, ಪಟ್ಟಾಭಿಷಿಕ್ತ ರಾಜನಿಗೆ, ಹೀಗೆ ಒಬ್ಬನೇ ಮನುಷ್ಯ ಹತ್ತು ಕಡೆ ಕಟ್ಟುಬಿದ್ದಿದ್ದ. 1461ರಿಂದ ಪಟ್ಟಾಭಿಷಿಕ್ತ ರಾಜರೇ ಇಬ್ಬರಾದರು: ಲ್ಯಾಂಕಾಸ್ಟರಿನ ಆರನೆಯ ಹೆನ್ರಿ ಮತ್ತು ಯಾರ್ಕಿನ ನಾಲ್ಕನೆಯ ಎಡ್ವರ್ಡ್. ಒಬ್ಬನಿಗೆ ನಿಷ್ಠನಾದವನು ಇನ್ನೊಬ್ಬನ ಕಾನೂನಿನಲ್ಲಿ ರಾಜದ್ರೋಹಿ. ಸಂಸತ್ತು ಆ ಅಪರಾಧವನ್ನು ಹೊರಿಸಿದರೆ ತಲೆಯಷ್ಟೇ ಅಲ್ಲ, ಮಕ್ಕಳ ಪಾಲಿನ ಆಸ್ತಿಯೂ ಹೋಗುತ್ತಿತ್ತು.

ಲೆಕ್ಕ ಹಾಕಿಯೇ ಮಾಡಿದ ದ್ರೋಹಗಳಿರಲಿಲ್ಲ ಎನ್ನುತ್ತಿಲ್ಲ. 1460ರ ಜುಲೈನಲ್ಲಿ ನಾರ್ತಾಂಪ್ಟನ್ ಕಾಳಗದಲ್ಲಿ ರುದಿನ್‌ನ ಗ್ರೇ ಪ್ರಭುವಿನ ಸೈನಿಕರು, ಹೆನ್ರಿಯ ಕಡೆಯವರಾಗಿದ್ದೂ, ಯಾರ್ಕಿನ ಶತ್ರುಗಳನ್ನು ಕೈಹಿಡಿದು ಕೋಟೆದಿಣ್ಣೆಯ ಮೇಲೆ ಹತ್ತಿಸಿಕೊಂಡರು; ಸುಮಾರು ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಐದು ವರ್ಷಗಳ ನಂತರ ಆತ ಕೆಂಟಿನ ಅರ್ಲ್, ಅಂದರೆ ಉನ್ನತ ದರ್ಜೆಯ ಪ್ರಭು, ಆದ. ಎಡ್ವರ್ಡನ ತಮ್ಮ ಕ್ಲಾರೆನ್ಸ್ ಅಣ್ಣನ ವಿರುದ್ಧ ಎದ್ದು, ಸೋಲು ಕಂಡಾಗ ಮರಳಿ ಬಂದವನು. ಅವನ ಪರವಾಗಿ ವಾದಿಸಲು ನನಗೆ ಮನಸ್ಸಿಲ್ಲ.

ನನ್ನನ್ನು ಕಾಡುವವನು ಜಾನ್ ನೆವಿಲ್. ರಾಜರನ್ನು ಏರಿಸಿ ಇಳಿಸಿದ ವಾರಿಕ್ಕಿನ ಅರ್ಲ್‌ನ ತಮ್ಮ. 1464ರಲ್ಲಿ ಹೆಜ್ಲಿ ಮೂರ್ ಮತ್ತು ಹೆಕ್ಸಮ್‌ಗಳಲ್ಲಿ ಎಡ್ವರ್ಡನಿಗಾಗಿ ಗೆದ್ದುಕೊಟ್ಟ; ಪ್ರತಿಫಲವಾಗಿ ನಾರ್ತಂಬರ್‌ಲ್ಯಾಂಡಿನ ಅರ್ಲ್ ಪದವಿ ಸಿಕ್ಕಿತು. 1469ರಲ್ಲಿ ಸ್ವಂತ ಅಣ್ಣನೇ ಬಂಡೆದ್ದಾಗಲೂ ಅವನು ರಾಜನ ಕಡೆಯೇ ನಿಂತ. ಇದಕ್ಕಿಂತ ದೊಡ್ಡ ಪರೀಕ್ಷೆ ಯಾವುದಿದೆ? ಆದರೆ 1470ರ ಮಾರ್ಚ್‌ನಲ್ಲಿ ಎಡ್ವರ್ಡ್ ಆ ಪದವಿಯನ್ನು ಕಿತ್ತು ಹಳೆಯ ಒಡೆಯರಾದ ಪರ್ಸಿ ಮನೆತನಕ್ಕೆ ಹಿಂದಿರುಗಿಸಿದ. ಜಾನ್‌ಗೆ ದೊರೆತದ್ದು ಮಾಂಟಗ್ಯೂವಿನ ಮಾರ್ಕ್ವಿಸ್ ಎಂಬ ದೊಡ್ಡ ಹೆಸರು. ಅದಕ್ಕೆ ತಕ್ಕ ಆದಾಯವಿಲ್ಲ, ಮ್ಯಾಗ್‌ಪೈ ಹಕ್ಕಿಯ ಗೂಡನ್ನು ಕೊಟ್ಟಂತಾಯಿತು ಎಂದು ಅವನು ಕೊರಗಿದನಂತೆ. ಅದೇ ಶರತ್ಕಾಲದಲ್ಲಿ ಅವನ ಸೇನೆ ಎಡ್ವರ್ಡನ ವಿರುದ್ಧ ತಿರುಗಿತು. ರಾಜ ಹಡಗು ಹತ್ತಿ ಹಾಲೆಂಡಿಗೆ ಓಡಬೇಕಾಯಿತು.

ಅಷ್ಟರಲ್ಲಿ ವಾರಿಕ್, ತನ್ನ ತಂದೆಯ ತಲೆ ಕಡಿದ ಪಕ್ಷದ, ಆರನೆಯ ಹೆನ್ರಿಯ ರಾಣಿ ಮಾರ್ಗರೆಟ್‌ಳ ಮುಂದೆ ಫ್ರಾನ್ಸಿನ ಆಂಜೆಯಲ್ಲಿ ಮಂಡಿಯೂರಿ, ಮಗಳನ್ನು ಅವಳ ಮಗನಿಗೆ ಕೊಟ್ಟು, ಹಿಂದೆ ತಾನೇ ಇಳಿಸಿದ್ದ ಹೆನ್ರಿಯನ್ನು ಮತ್ತೆ ಸಿಂಹಾಸನಕ್ಕೆ ಏರಿಸಲು ಹೊರಟಿದ್ದ. 1471ರ ಮಾರ್ಚ್‌ನಲ್ಲಿ ಎಡ್ವರ್ಡ್ ಮರಳಿ ಬಂದಾಗ ಪಾಂಟಿಫ್ರಾಕ್ಟ್‌ನಲ್ಲಿದ್ದ ಜಾನ್ ಅವನನ್ನು ತಡೆಯಲಿಲ್ಲ. ತಡೆಯುವ ಮನಸ್ಸಾಗಲಿಲ್ಲ ಎಂದೇ ನನಗನ್ನಿಸುತ್ತದೆ. ಆದರೂ ಏಪ್ರಿಲ್ 14ರ ಈಸ್ಟರ್ ಭಾನುವಾರ ಬಾರ್ನೆಟ್‌ನಲ್ಲಿ ಅಣ್ಣನ ಪಕ್ಕದಲ್ಲಿ ನಿಂತು ಹೋರಾಡಿದ.

ಬಾರ್ನೆಟ್‌ನಲ್ಲಿ ಆ ಬೆಳಿಗ್ಗೆ ದಟ್ಟ ಮಂಜು. ವಾರಿಕ್ಕಿನ ಕಡೆಯ ಆಕ್ಸ್‌ಫರ್ಡ್ ಅರ್ಲ್ ಎದುರಿನ ಪಡೆಯನ್ನು ಮುರಿದು ಅಟ್ಟಿಸಿಕೊಂಡು ಹೋದ. ಅವನು ಮರಳುವಷ್ಟರಲ್ಲಿ ಯುದ್ಧದ ಸಾಲೇ ತಿರುಗಿತ್ತು. ಅವನ ಲಾಂಛನ ಕಿರಣ ಸೂಸುವ ನಕ್ಷತ್ರ, ಎಡ್ವರ್ಡನದು ಕಿರಣ ಸೂಸುವ ಸೂರ್ಯ. ಮಂಜಿನಲ್ಲಿ ಗುರುತು ತಪ್ಪಿ ಸ್ವಪಕ್ಷದವರೇ ಬಾಣ ಬಿಟ್ಟರು. "ದ್ರೋಹ! ದ್ರೋಹ!" ಎಂದು ಕೂಗುತ್ತ ಆಕ್ಸ್‌ಫರ್ಡನ ಪಡೆ ಓಡಿತು. ಅಲ್ಲಿ ಯಾರೂ ದ್ರೋಹ ಮಾಡಿರಲಿಲ್ಲ. ಲ್ಯಾಂಕಾಸ್ಟರಿನ ಹಳೆಯ ನಿಷ್ಠನಾದ ಆಕ್ಸ್‌ಫರ್ಡ್ ಮತ್ತು ಮೊನ್ನೆಯವರೆಗೆ ಅವನ ಶತ್ರುಗಳಾಗಿದ್ದ ನೆವಿಲ್‌ಗಳು ಒಂದೇ ಸಾಲಿನಲ್ಲಿ ನಿಂತಾಗ, ಒಂದು ತಪ್ಪು ಬಾಣ ಸಾಕಾಯಿತು. ಅಣ್ಣ ತಮ್ಮ ಇಬ್ಬರೂ ಸತ್ತರು. ಜಾನ್ ಎಡ್ವರ್ಡನ ಸಮವಸ್ತ್ರ ತೊಟ್ಟದ್ದನ್ನು ಕಂಡ ವಾರಿಕ್ಕಿನ ಆಳೇ ಅವನನ್ನು ಕೊಂದ ಎಂದು ಅಂದಿನ ಒಂದು ವೃತ್ತಾಂತ ಹೇಳುತ್ತದೆ. ನಾನು ಅದನ್ನು ನಂಬುವುದಿಲ್ಲ. ಆದರೆ ಅಂಥ ಕಥೆ ಹುಟ್ಟಿತಲ್ಲ, ಆ ಕಾಲದ ಮನಸ್ಸು ಕೆಟ್ಟದ್ದು ಎಷ್ಟು ಎಂಬುದಕ್ಕೆ ಅದೇ ಸಾಕ್ಷಿ.

1485ರ ಆಗಸ್ಟ್ 22ರಂದು ಬಾಸ್‌ವರ್ತ್‌ನಲ್ಲಿ ವಿಲಿಯಂ ಸ್ಟ್ಯಾನ್ಲಿಯ ಪಡೆ ಕೊನೆಯ ಗಳಿಗೆಯಲ್ಲಿ ನುಗ್ಗಿ, ಎಡ್ವರ್ಡನ ಇನ್ನೊಬ್ಬ ತಮ್ಮನೂ ಆಗಿನ ರಾಜನೂ ಆದ ಮೂರನೆಯ ರಿಚರ್ಡ್‌ನನ್ನು ಮುಗಿಸಿತು. ಗೆದ್ದ ಲ್ಯಾಂಕಾಸ್ಟರ್ ಪಕ್ಷದ ಹೆನ್ರಿ ಟ್ಯೂಡರ್ ತನ್ನ ಆಳ್ವಿಕೆ ಹಿಂದಿನ ದಿನವೇ ಶುರುವಾಗಿತ್ತು ಎಂದು ಘೋಷಿಸಿದ. ಹಾಗಾಗಿ ತಮ್ಮ ರಾಜ ರಿಚರ್ಡ್‌ಗಾಗಿ ಹೋರಾಡಿದವರೆಲ್ಲ ರಾಜದ್ರೋಹಿಗಳಾದರು! ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಸ್ಟ್ಯಾನ್ಲಿಯ ತಲೆಯನ್ನೂ ಅದೇ ಹೆನ್ರಿ 1495ರ ಫೆಬ್ರುವರಿಯಲ್ಲಿ ರಾಜದ್ರೋಹದ ಆರೋಪದ ಮೇಲೆ ಕಡಿಸಿದ.

ಅದೇ ವರ್ಷ ಹೆನ್ರಿಯ ಸಂಸತ್ತು ಒಂದು ಶಾಸನ ಮಾಡಿತು: ಸಿಂಹಾಸನದ ಮೇಲಿರುವ ರಾಜನಿಗಾಗಿ ಯುದ್ಧಕ್ಕೆ ಹೋದವನನ್ನು ಮುಂದೆ ಯಾರೇ ಪಟ್ಟಕ್ಕೆ ಬಂದರೂ ರಾಜದ್ರೋಹಿ ಎಂದು ಶಿಕ್ಷಿಸುವಂತಿಲ್ಲ. ಸೇಂಟ್ ಆಲ್ಬನ್ಸ್‌ನ ಬೀದಿಗಳಲ್ಲಿ ಮೊದಲ ಕಾಳಗ ನಡೆದು ಆಗ ನಲವತ್ತು ವರ್ಷಗಳಾಗಿದ್ದವು.